ಗೋಡೆಯೆಂಬ ಗೆರೆಯೊಳಗೆ ಎಷ್ಟು ಮರ?

‘ತಾರಸಿ ಮೇಲೆ ಒಂದು ರೂಮು ಬೇಕು, ಆದರೆ ಕೆಳಗಿನ ಮನೆ ಹಳೇದು.’ ಶಿವಮೊಗ್ಗ–ಭದ್ರಾವತಿ ನಡುವಿನ ಮಲವಗೊಪ್ಪದಂಥ ಕಡೆ ನಕ್ಷೆ ಬರೆಯುವವರ ಮುಂದೆ ಬರುವ ಬೇಡಿಕೆಯಿದು. 12 ಅಡಿ ಉದ್ದ, 8 ಅಡಿ ಎತ್ತರದ ಗೋಡೆಯನ್ನು ನಾಲ್ಕೂವರೆ ಇಂಚಿನ ಇಟ್ಟಿಗೆಯಲ್ಲಿ ಕಟ್ಟಿದರೆ, ಕಿಟಕಿಯ ಜಾಗ ಕಳೆದು, ಪ್ಲಾಸ್ಟರ್ ಬಿಟ್ಟು, ಸುಮಾರು ಒಂದೂಮುಕ್ಕಾಲು ಟನ್ ಭಾರ. ಅದೇ ಗೋಡೆಯನ್ನು ಮರದ ಚೌಕಟ್ಟು ನಿಲ್ಲಿಸಿ, ಒಳಗೆ ಪ್ಲೈವುಡ್, ಹೊರಗೆ ಸಿಮೆಂಟ್ ಬೋರ್ಡ್ ಹೊಡೆದು ಮಾಡಿದರೆ 400 ಕೆಜಿಯ ಒಳಗೇ ಮುಗಿಯುತ್ತದೆ.

ಕಂಬ, ತೊಲೆ ಭಾರ ಹೊತ್ತು ಗೋಡೆ ಬರೀ ಮರೆಯಾಗಿ ನಿಲ್ಲುವುದು ಮಲೆನಾಡಿಗೆ ಹೊಸತಲ್ಲ. ಮರದ ಕಂಬಗಳ ಶಿವಪ್ಪ ನಾಯಕನ ಅರಮನೆ ಶಿವಮೊಗ್ಗದಲ್ಲೇ ಇದೆ. ನಮ್ಮ ಈ ಗೋಡೆಯಲ್ಲಿ ದಪ್ಪ ಕಂಬದ ಬದಲು 4×2 ಇಂಚಿನ ಸಣ್ಣ ಪೀಸುಗಳು ಹತ್ತಿರ ಹತ್ತಿರ ನಿಲ್ಲುತ್ತವೆ. ಇವಕ್ಕೆ ಸ್ಟಡ್ ಎನ್ನುತ್ತಾರೆ. ಕೆಳಗೆ ಒಂದು ಅಡಿಪಟ್ಟಿ, ಮೇಲೆ ಒಂದರ ಮೇಲೊಂದು ಎರಡು ಪಟ್ಟಿ.

ತೊಡಕು ಕಂಪ್ಯೂಟರಿನಲ್ಲೇ ಶುರುವಾಗುತ್ತದೆ. ರೆವಿಟ್, ಆರ್ಕಿಕ್ಯಾಡ್‌ನಂಥವುಗಳಲ್ಲಿ ಗೋಡೆಯ ಟೂಲ್ ಒತ್ತಿ ಗೆರೆ ಎಳೆದರೆ ಗೋಡೆ ಬಂದೇಬಿಡುತ್ತದೆ. ನೋಡಲು ಚೆಂದ. ಆದರೆ ಸಾಮಿಲ್‌ನಲ್ಲಿ ಗೆರೆ ಸಿಗುವುದಿಲ್ಲ, ಪೀಸು ಸಿಗುತ್ತದೆ. ಚೌಕಟ್ಟನ್ನು ತಾನೇ ಜೋಡಿಸಿಕೊಡುವ ಚೀಫ್ ಆರ್ಕಿಟೆಕ್ಟ್‌ನಂಥ ಸಾಫ್ಟ್‌ವೇರ್‌ಗಳೂ ಇವೆ. ಆದರೆ ಅವುಗಳ ಲೆಕ್ಕ ಅಮೆರಿಕದ್ದು. ಅಲ್ಲಿ ‘ಎರಡು-ನಾಲ್ಕು’ ಎಂದರೆ ನಿಜ ಅಳತೆ ಒಂದೂವರೆ–ಮೂರೂವರೆ ಇಂಚು. ನಮ್ಮಲ್ಲಿ ಕೊಯ್ದಾಗ ಎರಡು ಇಂಚು ಇದ್ದದ್ದು ಪ್ಲೇನಿಂಗ್ ಆದ ಮೇಲೆ ಎಷ್ಟು ಉಳಿಯುತ್ತದೆಂದು ಸಾಮಿಲ್‌ನವರನ್ನೇ ಕೇಳಬೇಕು. ಹಾಗಾಗಿ ಸ್ಕೆಚ್‌ಅಪ್‌ನಲ್ಲೋ, ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲೋ ಪೀಸು ಪೀಸಾಗಿ ನಾವೇ ನಿಲ್ಲಿಸುವುದು ವಾಸಿ.

ಮೊದಲ ಲೆಕ್ಕ ಎತ್ತರದ್ದು. ಬೋರ್ಡ್ 8×4 ಅಡಿ. ಗೋಡೆಯ ಎತ್ತರ ಅದಕ್ಕೆ ಸರಿಯಾಗಿ 96 ಇಂಚು. ಹಾಗೆಂದು ಸ್ಟಡ್ಡನ್ನೂ 96 ಇಂಚು ಬರೆದರೆ ಕೆಟ್ಟಿತು. ನಾನು ಮೊದಲ ಸಲ ಮಾಡಿದ್ದು ಇದೇ ತಪ್ಪು. ಮೂರು ಪಟ್ಟಿ ಸೇರಿ ಗೋಡೆ 102 ಇಂಚಾಗಿ, ಬೋರ್ಡಿನ ಮೇಲೆ ಅರ್ಧ ಅಡಿ ಬಯಲು ಉಳಿದಿತ್ತು. ಪಟ್ಟಿಯ ದಪ್ಪ ಎರಡಿಂಚಾದರೆ ಸ್ಟಡ್ 90 ಇಂಚು. ಪ್ಲೇನಿಂಗ್ ಆಗಿ ಒಂದೂಮುಕ್ಕಾಲಿಗೆ ಇಳಿದರೆ ತೊಂಬತ್ತೂಮುಕ್ಕಾಲು. ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟಿನಲ್ಲಿ ದಪ್ಪವನ್ನು ಒಂದು ಕಡೆ ಬರೆದು ಉಳಿದ ಅಳತೆಗಳನ್ನು ಅದಕ್ಕೆ ಕಟ್ಟಿಟ್ಟರೆ, ಒಂದು ಅಂಕಿ ಬದಲಿಸಿದಾಗ ಎಲ್ಲವೂ ಬದಲಾಗುತ್ತವೆ.

ಎರಡನೆಯದು ಅಂತರ. ಸ್ಟಡ್ಡುಗಳ ನಡುವೆ 16 ಇಂಚು ಎಂದರೆ ನಡುವಿನಿಂದ ನಡುವಿಗೆ. ಮೂರು ಹದಿನಾರು ನಲವತ್ತೆಂಟು. ಬೋರ್ಡಿನ ಅಗಲವೂ ಅಷ್ಟೇ. ಎರಡು ಬೋರ್ಡಿನ ಅಂಚುಗಳು ಒಂದೇ ಸ್ಟಡ್ಡಿನ ನಡುಮಧ್ಯೆ ಸೇರಿದರೆ ಎರಡಕ್ಕೂ ಮೊಳೆ ಹೊಡೆಯಲು ಜಾಗ. ಮೂಲೆಯ ಸ್ಟಡ್ಡನ್ನೇ ಹದಿನಾರಕ್ಕೊಂದರಂತೆ ಕಾಪಿ ಮಾಡುತ್ತ ಹೋದರೆ ನಾಲ್ಕನೆಯದರ ಎಡ ಅಂಚು 48ಕ್ಕೆ ಬಂದು, ಮೊದಲ ಬೋರ್ಡಿನ ಅಂಚಿಗೆ ಮರವೇ ಸಿಗುವುದಿಲ್ಲ. ಮೂಲೆಯದನ್ನು ಗೋಡೆಯ ತುದಿಗೆ ಸಮ ಇಡಿ; ಎರಡನೆಯದರ ಎಡ ಅಂಚು 15ಕ್ಕೆ, ಆಗ ಅದರ ನಡು 16. ಅಲ್ಲಿಂದ ಮುಂದಕ್ಕೆ 16ರ ಕಾಪಿ. ಕೊನೆಯದು ಮತ್ತೆ ತುದಿಗೆ ಸಮ. ಒಟ್ಟು 10.

ಮೂರನೆಯದು ಕಿಟಕಿ. ಮೂರಡಿ ಅಗಲದ ಕಿಟಕಿಯನ್ನು 54ರಿಂದ 90ರವರೆಗೆ ಇಟ್ಟೆವು ಎನ್ನೋಣ. 64, 80ರ ಸ್ಟಡ್ಡುಗಳು ಮಾತ್ರ ಅಡ್ಡ ಬರುತ್ತವೆ. 48, 96ರವು ಉಳಿಯುವುದರಿಂದ ನಡುವಿನ ಬೋರ್ಡ್ ಕಿಟಕಿಯ ಎರಡೂ ಬದಿ ದಾಟಿ ನಿಲ್ಲುತ್ತದೆ, ಜಾಯಿಂಟ್ ಕಿಟಕಿಯ ಮೂಲೆಗೆ ಬೀಳುವುದಿಲ್ಲ. ಮೂಲೆಗೆ ಬಿದ್ದ ಜಾಯಿಂಟ್‌ನಲ್ಲೇ ಬಿರುಕು ಬೇಗ. ಕಿಟಕಿಯ ಎರಡೂ ಬದಿಗೆ ಪೂರ್ತಿ ಎತ್ತರದ ಸ್ಟಡ್ ಒಂದೊಂದು, ಅದಕ್ಕಂಟಿ ಲಿಂಟಲ್ ಹೊರಲು ಕುಳ್ಳ ಸ್ಟಡ್ ಒಂದೊಂದು. ಲಿಂಟಲ್ 6×2ರ ಎರಡು ಪೀಸು, ಉದ್ದ 40 ಇಂಚು; ಎರಡೂ ಸೇರಿ ನಾಲ್ಕಿಂಚು, ಗೋಡೆಯ ಚೌಕಟ್ಟಿನಷ್ಟೇ ದಪ್ಪ. ಕತ್ತರಿಸಿದ ಸ್ಟಡ್ಡುಗಳ ತುಂಡುಗಳು ಕಿಟಕಿಯ ಮೇಲೆ, ಕೆಳಗೆ ಅದೇ ಜಾಗದಲ್ಲಿ ಉಳಿಯಬೇಕು. ಸ್ಕೆಚ್‌ಅಪ್‌ನಲ್ಲಿ ಸ್ಟಡ್ ಕಾಂಪೊನೆಂಟ್ ಆಗಿದ್ದರೆ, ತುಂಡು ಮಾಡುವ ಮುನ್ನ ‘ಮೇಕ್ ಯೂನಿಕ್’ ಒತ್ತಲು ಮರೆಯಬೇಡಿ. ಮರೆತರೆ ಗೋಡೆಯ ಅಷ್ಟೂ ಸ್ಟಡ್ಡುಗಳು ಒಟ್ಟಿಗೆ ಗಿಡ್ಡವಾಗುತ್ತವೆ!

ಈಗ ಕೂಡಿಸಿ. ಕಿಟಕಿ ನೆಲದಿಂದ ಮೂರಡಿ ಮೇಲೆ, ಮೂರೂವರೆ ಅಡಿ ಎತ್ತರ ಎಂದಿಟ್ಟುಕೊಂಡರೆ ಕಿಟಕಿಯ ತಳದ ಅಡ್ಡಪಟ್ಟಿಯೂ ಸೇರಿ 4×2ರ ಉದ್ದವೆಲ್ಲ 1,600 ಇಂಚು. ಲಿಂಟಲ್ ಸೇರಿದರೆ ಹತ್ತಿರಹತ್ತಿರ 8 ಸಿಎಫ್‌ಟಿ. ಇದು ಗೋಡೆಯೊಳಗಿನ ಮರ ಮಾತ್ರ, ಕೊಳ್ಳಬೇಕಾದ ಮರವಲ್ಲ. 15 ಅಡಿಯ ಪೀಸಿನಲ್ಲಿ 90 ಇಂಚಿನ ಎರಡು ಸ್ಟಡ್ ಬರುತ್ತವೆಂದು ಕಂಪ್ಯೂಟರ್ ಹೇಳೀತು. ಆದರೆ ಗರಗಸವೂ ತನ್ನ ಪಾಲು ತಿನ್ನುತ್ತದೆ.

ಮಳೆ, ಗೆದ್ದಲು ಮಾಡೆಲ್‌ನಲ್ಲಿ ಕಾಣುವುದಿಲ್ಲ, ಆದರೆ ಅವಕ್ಕೂ ಅಲ್ಲಿ ಜಾಗ ಬಿಡಬೇಕು. ಅಡಿಪಟ್ಟಿಯನ್ನು ತಾರಸಿಗೆ ನೇರ ಇಡದೆ ಸಣ್ಣ ಕಾಂಕ್ರೀಟ್ ಕಟ್ಟೆಯ ಮೇಲೆ, ನಡುವೆ ತೇವ ತಡೆಯುವ ಹಾಳೆ ಹಾಸಿ ಬರೆಯಿರಿ. ಮರ ಒಣಗಿರಲಿ, ಔಷಧಿ ಕುಡಿದಿರಲಿ. ಅದಕ್ಕೆ ಐಎಸ್ 401 ಎಂಬ ಮಾನಕವಿದೆ. ಪೀಸಿನ ಗಾತ್ರ ಭಾರಕ್ಕೆ, ಗಾಳಿಗೆ ಸಾಲುತ್ತದೆಯೇ ಎಂಬುದನ್ನು ಐಎಸ್ 883ರ ಪ್ರಕಾರ ಎಂಜಿನಿಯರ್ ನೋಡಲಿ. ಹಳೆಯ ತಾರಸಿಯನ್ನೂ ಅವರೇ ನೋಡಬೇಕು.

ಕೊನೆಗೆ ಪ್ರತಿ ಪೀಸಿಗೂ ನಂಬರು ಕೊಟ್ಟು, ಅಳತೆಯ ಪಟ್ಟಿ ಪ್ರಿಂಟ್ ತೆಗೆದು ಆಚಾರ್ರ ಕೈಗಿಡಿ. ಫೈಲಿನ 7ನೇ ಪೀಸಿನ ಮೇಲೆ ಅವರು ಸೀಮೆಸುಣ್ಣದಲ್ಲಿ 7 ಎಂದೇ ಬರೆದರೆ, ಕೇಳಲು ಅವರು ಮತ್ತೆ ಮತ್ತೆ ತಾರಸಿಯಿಂದ ಇಳಿದು ಬರಬೇಕಿಲ್ಲ.