ಕ್ಯಾಥರೀನಾ ಮತ್ತು ಬಿಯಾಂಕಾ: ಹೇಳಿದ ಕಥೆಯ ಅಕ್ಕ, ಬರೆದ ನಾಟಕದ ತಂಗಿ

ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ 1590ರ ದಶಕದ ಆರಂಭದ ರಚನೆಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅದು ಅಚ್ಚಾದದ್ದು 1623ರ ಫೋಲಿಯೋ ಸಂಪುಟದಲ್ಲಿ. ಪಾಡುವಾ ನಗರದ ಸಿರಿವಂತ ಬಪ್ತಿಸ್ತನ ಹಿರಿಯ ಮಗಳು ಕ್ಯಾಥರೀನಾ ಗಯ್ಯಾಳಿ, ಕಿರಿಯವಳು ಬಿಯಾಂಕಾ ಸಾಧುಸ್ವಭಾವದವಳು ಎಂಬ ವಿಂಗಡಣೆ ಬಹುಕಾಲದಿಂದ ನಡೆದುಬಂದಿದೆ. ಇದನ್ನು ಕೇವಲ ಸ್ವಭಾವಭೇದವೆಂದು ತಿಳಿದರೆ ನಾಟಕದ ಕೊನೆಯ ದೃಶ್ಯ ಬಗೆಹರಿಯದು. ಈ ಅಕ್ಕತಂಗಿಯರು ಒಂದೇ ಮನೆಯವರಾದರೂ ಒಂದೇ ಕಥಾಪರಂಪರೆಯಿಂದ ಬಂದವರಲ್ಲ.

ಕ್ಯಾಥರೀನಾಳ ಮೂಲ ಜನಪದ ಕಥೆಯಲ್ಲಿದೆ. ಆರ್ನೆ-ಥಾಂಪ್ಸನ್-ಊಥರ್ ಸೂಚಿಯ 901ನೆಯ ವರ್ಗ ಇದೇ ಆಗಿದೆ. 1335ರಲ್ಲಿ ಡಾನ್ ಹ್ವಾನ್ ಮಾನ್ವೆಲ್ ಸ್ಪ್ಯಾನಿಷ್ ಭಾಷೆಯಲ್ಲಿ ಬರೆದ ‘ಕೋಂದೆ ಲುಕಾನೋರ್’ ಕೃತಿಯಲ್ಲಿ ಅದರ ಹಳೆಯ ರೂಪವೊಂದು ದೊರೆಯುತ್ತದೆ. ಮದುವೆಯ ದಿನ ವರನು ಕೈತೊಳೆಯಲು ನೀರು ತರುವಂತೆ ನಾಯಿಗೆ, ಬೆಕ್ಕಿಗೆ, ಕುದುರೆಗೆ ಆಜ್ಞಾಪಿಸಿ, ತಾರದ ಒಂದೊಂದನ್ನೂ ಕೊಲ್ಲುತ್ತಾನೆ. ಕೊನೆಗೆ ವಧುವಿಗೆ ಹೇಳಿದಾಗ ಆಕೆ ತಕ್ಷಣ ಎದ್ದು ನೀರು ಕೊಡುತ್ತಾಳೆ. ಷೇಕ್ಸ್‌ಪಿಯರನು ಇಂಥ ಕಥೆಯನ್ನು ಮೌಖಿಕ ಪರಂಪರೆಯಿಂದಲೇ ಪಡೆದನೆಂದು ಅಮೆರಿಕದ ಜಾನಪದ ವಿದ್ವಾಂಸ ಬ್ರುನ್‌ವಾಂಡ್ 1966ರ ಲೇಖನವೊಂದರಲ್ಲಿ ವಾದಿಸಿದ್ದಾರೆ. ನಾಟಕದಲ್ಲಿ ಪ್ರಾಣಿವಧೆಯಿಲ್ಲ. ಪೆಟ್ರೂಷಿಯೋನ ಕೋಪವು ಆಳುಗಳ ಮೇಲೆ, ಬೇಯಿಸಿದ ಮಾಂಸದ ಮೇಲೆ, ಟೋಪಿ ಮತ್ತು ನಿಲುವಂಗಿಯ ಮೇಲೆ ಹರಿಯುತ್ತದೆ. ಹೆಂಡತಿಗೆ ಊಟನಿದ್ರೆ ತಪ್ಪಿಸುವ ಕ್ರಮವನ್ನು ಅವನೇ ಡೇಗೆಹಕ್ಕಿಯನ್ನು ಪಳಗಿಸುವ ವಿದ್ಯೆಗೆ ಹೋಲಿಸುತ್ತಾನೆ. ರಕ್ತ ಹರಿಯದಿದ್ದರೂ ಕ್ರೌರ್ಯ ಕಡಿಮೆಯಾಗಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂಡಿ ನೆನಪಾಗುವುದು ಸಹಜ. ಆದರೆ ಅದು ಬೇರೆಯೇ ವರ್ಗದ ಕಥೆ. ಹೇಳಿದ್ದಕ್ಕೆ ವಿರುದ್ಧವಾಗಿ ನಡೆಯುವ ಚಂಡಿಯ ಮುಂದೆ ಉದ್ದಾಲಕನೇ ತನ್ನ ಮಾತನ್ನು ತಿರುಗಿಸಿ ಆಡಬೇಕಾಗುತ್ತದೆ. ಪಾಡುವಾದ ಹಾದಿಯಲ್ಲಿ ಸೂರ್ಯನನ್ನು ಚಂದ್ರನೆಂದು ಒಪ್ಪಿ ಮಾತು ತಿರುಗಿಸಬೇಕಾದವಳು ಹೆಂಡತಿ.

ಬಿಯಾಂಕಾ ಬಂದದ್ದು ಗ್ರಂಥಸ್ಥ ಪ್ರಹಸನದಿಂದ. ಅರಿಯೋಸ್ತೋವಿನ ‘ಈ ಸುಪ್ಪೊಸಿತಿ’ (1509) ಇಟಾಲಿಯನ್ ನಾಟಕವನ್ನು ಜಾರ್ಜ್ ಗ್ಯಾಸ್ಕಾಯ್ನ್ 1566ರಲ್ಲಿ ‘ಸಪೋಸಸ್’ ಎಂದು ಇಂಗ್ಲಿಷಿಗೆ ತಂದನು. ಅದರ ನಾಯಕಿ ಪಾಲಿನೆಸ್ಟಾ, ಆಳಿನ ವೇಷದಲ್ಲಿ ಮನೆಯೊಳಗೆ ಸೇರಿದ ಪ್ರಿಯಕರನೊಂದಿಗೆ ಗುಟ್ಟಾಗಿ ಕೂಡಿರುವವಳು. ಆಕೆಗೆ ಅಕ್ಕನಿಲ್ಲ, ರಂಗದ ಮೇಲೆ ಕಾಣಿಸುವುದೂ ಅಪರೂಪ. ಷೇಕ್ಸ್‌ಪಿಯರನು ಬಿಯಾಂಕಾಳಿಗೆ ಪಾಠದ ದೃಶ್ಯವೊಂದನ್ನು ಒದಗಿಸಿದ್ದಾನೆ (ಅಂಕ 3, ದೃಶ್ಯ 1). ಲ್ಯಾಟಿನ್ ಉಪಾಧ್ಯಾಯನ ವೇಷದ ಲುಸೆನ್ಷಿಯೋ ಓವಿಡ್‌ನ ಸಾಲುಗಳಿಗೆ ಅರ್ಥ ಹೇಳುವ ನೆಪದಲ್ಲಿ ತನ್ನ ನಿಜನಾಮ ತಿಳಿಸಿದರೆ, ಆಕೆಯೂ ಅದೇ ಸಾಲುಗಳ ಮರೆಯಲ್ಲಿ, ನಂಬುವುದಿಲ್ಲವೆಂದೂ ನಿರಾಶನಾಗಬೇಡವೆಂದೂ ಉತ್ತರಿಸುತ್ತಾಳೆ. ಪಾಠದ ವೇಳೆ ತನ್ನ ಇಷ್ಟದಂತೆಯೇ ನಡೆಯಬೇಕೆಂದು ಗುರುಗಳಿಬ್ಬರಿಗೂ ಮೆಲುದನಿಯಲ್ಲಿ ವಿಧಿಸುತ್ತಾಳೆ. ತಂದೆಗೆ ತಿಳಿಸದೆ ಮದುವೆಯಾಗುತ್ತಾಳೆ. ಅಕ್ಕನ ಹಟ ಮಾತಿನಲ್ಲಿದೆ, ತಂಗಿಯದು ಮೌನದಲ್ಲಿ. ಊರು ಗಯ್ಯಾಳಿಯೆನ್ನುವುದು ಮೊದಲನೆಯದನ್ನು ಮಾತ್ರ.

ಕೊನೆಯ ಅಂಕದ ಪಣದಲ್ಲಿ ಈ ಎರಡು ಪರಂಪರೆಗಳು ಎದುರಾಗುತ್ತವೆ. ಕರೆದೊಡನೆ ಯಾರ ಹೆಂಡತಿ ಬರುವಳೆಂದು ಗಂಡಂದಿರು 100 ಕ್ರೌನ್ ಪಣವೊಡ್ಡುತ್ತಾರೆ. ಈ ಆಶಯ ಜನಪದ ಕಥೆಯದು, ಗ್ಯಾಸ್ಕಾಯ್ನ್‌ನಲ್ಲಿ ಇಲ್ಲ. ಬಿಯಾಂಕಾ ತನಗೆ ಕೆಲಸವಿದೆಯೆಂದು ಹೇಳಿಕಳುಹಿಸಿ ಸೋಲುತ್ತಾಳೆ, ಅಂದರೆ ತಾನು ಸೇರದ ಕಥೆಯೊಂದರ ನಿಯಮದಿಂದ ಅಳೆಯಲ್ಪಡುತ್ತಾಳೆ. ಪಣ ಕಳೆದುಕೊಂಡ ಗಂಡನನ್ನು ಆಕೆ ಮೂರ್ಖನೆಂದು ಕರೆಯುವುದರಲ್ಲಿ ಪಾಠದ ದೃಶ್ಯದ ಹುಡುಗಿಯೇ ಇದ್ದಾಳೆ, ಮರೆಯಷ್ಟೇ ಇಲ್ಲ.

ಕ್ಯಾಥರೀನಾ ಬಂದು, ಪತಿಗೆ ವಿಧೇಯರಾಗಿರಬೇಕೆಂದು 44 ಸಾಲುಗಳ ಉಪದೇಶ ನೀಡುತ್ತಾಳೆ. ಇದು ಶರಣಾಗತಿಯೋ ವ್ಯಂಗ್ಯವೋ ಎಂಬ ಚರ್ಚೆ ರಂಗಭೂಮಿಯಲ್ಲಿ ಮುಗಿದಿಲ್ಲ. ಸ್ಪ್ಯಾನಿಷ್ ಕಥೆಯ ವಧು ನೀರು ಕೊಟ್ಟು ಮೌನವಾಗುತ್ತಾಳೆ. ಇಲ್ಲಿ ಪಳಗಿದವಳೆನಿಸಿಕೊಂಡವಳಿಗೆ ಇಡೀ ನಾಟಕದ ಅತಿ ದೀರ್ಘ ಮಾತು ದಕ್ಕಿದೆ. ಅವಳು ಹೀಗೆ ಪಳಗಿದ್ದೇ ಆಶ್ಚರ್ಯವೆಂದು ನಾಟಕದ ಕಡೆಯ ಸಾಲಿನಲ್ಲಿ ಹೇಳುವವನು ಬಿಯಾಂಕಾಳ ಗಂಡ ಲುಸೆನ್ಷಿಯೋ.