ಫ್ಲೇರ್‌ನಿಂದ ತಪ್ಪಿಸಿಕೊಳ್ಳುವ ಮೀಥೇನ್

ತೈಲಬಾವಿಯ ಪಕ್ಕ ಎತ್ತರದ ಕೊಳವೆ, ಅದರ ತುದಿಯಲ್ಲಿ ಹಗಲೂ ರಾತ್ರಿ ಬೆಂಕಿ. ಫೋಟೋದಲ್ಲಾದರೂ ನೋಡಿರ್ತೀರಿ. ಇದೇ ಫ್ಲೇರ್. ಎಣ್ಣೆಯ ಜೊತೆ ಮೇಲೆ ಬರುವ ಅನಿಲವನ್ನು ಸಾಗಿಸಲು ಪೈಪ್‌ಲೈನ್ ಇಲ್ಲದಿದ್ದರೆ ಅಲ್ಲೇ ಸುಟ್ಟುಬಿಡುತ್ತಾರೆ. ಹಾಗೇ ಬಿಡುವುದಕ್ಕಿಂತ ಸುಡುವುದೇ ವಾಸಿ. ಯಾಕಂದ್ರೆ ಅದರ ಬಹುಪಾಲು ಮೀಥೇನ್. 20 ವರ್ಷಗಳ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಆದರೆ ಎಲ್ಲವೂ ಸುಡುತ್ತದಾ? ಮೀಥೇನ್ ಕಣ್ಣಿಗೆ ಕಾಣಲ್ಲ. ಲೇಸರ್‌ಗೆ ಸಿಕ್ಕಿಬೀಳುತ್ತೆ.

ಪ್ರತಿ ಅನಿಲವೂ ಬೆಳಕಿನ ಕೆಲವು ಅಲೆಗಳನ್ನಷ್ಟೇ ಹೀರುತ್ತದೆ. ಮೀಥೇನ್ ಹೀರುವ ಅಂಥದೊಂದು ಅಲೆಯ ಉದ್ದ ಸುಮಾರು 1650 ನ್ಯಾನೊಮೀಟರ್. ಲೇಸರನ್ನು ಕರಾರುವಾಕ್ಕಾಗಿ ಅದಕ್ಕೇ ಹೊಂದಿಸಿ, ಫ್ಲೇರ್‌ನ ಹೊಗೆ ಬೆರೆತ ಗಾಳಿಯ ಮೂಲಕ ಹಾಯಿಸುತ್ತಾರೆ. ಬೆಳಕು ಹೆಚ್ಚು ಕುಂದಿದಷ್ಟೂ ಅಲ್ಲಿ ಮೀಥೇನ್ ಹೆಚ್ಚು. ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಅಳೆದರೆ ಎಷ್ಟು ಸುಟ್ಟಿತು, ಎಷ್ಟು ಹಾಗೇ ಉಳಿಯಿತು ಅನ್ನೋ ಲೆಕ್ಕ ಸಿಗುತ್ತದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ನೇತೃತ್ವದ ತಂಡ ಟೆಕ್ಸಾಸ್, ನಾರ್ತ್ ಡಕೋಟಾದ ತೈಲಬಯಲುಗಳಲ್ಲಿ ಫ್ಲೇರ್‌ಗಳ ಹೊಗೆಯೊಳಗೇ ವಿಮಾನ ಹಾರಿಸಿ ಹೀಗೆ ಲೇಸರ್‌ನಿಂದ ಅಳೆಯಿತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಶೇ. 98ರಷ್ಟು ಮೀಥೇನ್ ನಾಶವಾಗುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಿದ್ದರು. ನಿಜಕ್ಕೂ ಆಗುತ್ತಿದ್ದದ್ದು ಸುಮಾರು ಶೇ. 91. ಕೆಲವು ಫ್ಲೇರ್‌ಗಳಲ್ಲಿ ಬೆಂಕಿಯೇ ಆರಿಹೋಗಿತ್ತು, ಅನಿಲ ಮಾತ್ರ ಬರುತ್ತಲೇ ಇತ್ತು!

ಅಳೆಯುವ ಸಾಧನ ಕೈಯಲ್ಲಿದೆ. ತೈಲ ಕಂಪನಿಗಳು ಇನ್ನು ಊಹೆಯ ಅಂಕಿ ಬಿಟ್ಟು, ಅಳೆದ ಅಂಕಿಯನ್ನೇ ಜನರ ಮುಂದೆ ಇಡಬೇಕು.