ನೋಯದ ಕಾಲಿಗೆ ಬಿಳಿ ಕಾಲುಚೀಲ

ಸಕ್ಕರೆ ಕಾಯಿಲೆಯವರು ಕಾಲಿನ ಹುಣ್ಣು ಬಲಿತ ಮೇಲೆ ಆಸ್ಪತ್ರೆಗೆ ಬಂದು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ನೋವೇ ಇರಲಿಲ್ಲ ಡಾಕ್ಟ್ರೇ, ಅದಕ್ಕೇ ಸುಮ್ಮನಿದ್ದೆ." ಅಪಾಯವಿರುವುದು ಅಲ್ಲೇ. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಏರಿಕೊಂಡಿದ್ದರೆ ನರಗಳು ಹಾಳಾಗುತ್ತವೆ. ಪಾದಕ್ಕೆ ಹೋಗುವ ನರಗಳು ಎಲ್ಲಕ್ಕಿಂತ ಉದ್ದ, ಹಾಗಾಗಿ ಮೊದಲ ಪೆಟ್ಟು ಕಾಲ್ಬೆರಳ ತುದಿಗೆ. ಕೆಲವರಿಗೆ ಜೋಮು, ಉರಿ. ಕೆಲವರಿಗೆ ಅದೂ ಇಲ್ಲದೆ ಸ್ಪರ್ಶವೇ ಹೋಗಿರುತ್ತದೆ. ಬೆವರು ನಿಂತು ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಮಡಚಿಕೊಳ್ಳುತ್ತವೆ. ನಡೆಯುವಾಗಿನ ಭಾರ ಅಂಗಾಲಿನ ಒಂದೆರಡು ಜಾಗದ ಮೇಲೇ ಬೀಳುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟಿ, ಅದರಡಿಯಲ್ಲಿ ಕಣ್ಣಿಗೆ ಕಾಣದಂತೆ ಹುಣ್ಣು ಬೆಳೆಯುತ್ತದೆ.

ನೋವಿಲ್ಲದಿರುವುದೇ ಅಪಾಯವೆಂದು ಮನಗಾಣಿಸಿದವರಲ್ಲಿ ಪಾಲ್ ಬ್ರ್ಯಾಂಡ್ ಮುಖ್ಯರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಕುಷ್ಠರೋಗಿಗಳ ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಸವೆಯುತ್ತದೆ ಎಂದು ಅವರು ತೋರಿಸಿದರು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅವರ ಈ ತಿಳಿವು ಮಧುಮೇಹಿಗಳ ಪಾದಕ್ಕೂ ನೆರವಾಯಿತು. ಇಂದು ಮಧುಮೇಹಿಗಳಿಗೆ ಬರೆದುಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಬೇರೂ ಕುಷ್ಠರೋಗದ ಆಸ್ಪತ್ರೆಗಳಲ್ಲೇ ಇದೆ.

ಚಪ್ಪಲಿಯಂತೆ ಮಧುಮೇಹಿಗಳಿಗೆಂದೇ ಮಾಡಿದ ಕಾಲುಚೀಲವೂ ಇದೆ. ಅದು ಔಷಧವಲ್ಲ. ಬೆರಳಿಗೆ ಒತ್ತುವ ಉಬ್ಬು ಹೊಲಿಗೆ ಅದರಲ್ಲಿರುವುದಿಲ್ಲ, ಅಂಗಾಲಿನ ಕೆಳಗೆ ನೇಯ್ಗೆ ದಪ್ಪ, ಮೇಲಂಚಿನ ಎಲಾಸ್ಟಿಕ್ ಸಡಿಲ. ದಪ್ಪ ನೇಯ್ಗೆ ಅಂಗಾಲಿನ ಒತ್ತಡವನ್ನು ತಗ್ಗಿಸುತ್ತದೆಂದು ಅಳೆದೇ ನೋಡಿದ್ದಾರೆ. ಆದರೆ ಹಳೆಯ ಬಿಗಿ ಶೂಗೆ ಅದನ್ನು ತುರುಕಿದರೆ ಉಲ್ಟಾ ಹಾನಿ. ಕಾಲುಚೀಲ ತೊಟ್ಟೇ ಶೂ ಕೊಳ್ಳಬೇಕು. ಉಬ್ಬಿದ ರಕ್ತನಾಳಕ್ಕೆಂದು ಕೊಡುವ ಬಿಗಿ ಸ್ಟಾಕಿಂಗ್ಸ್ ಬೇರೆಯೇ ವಸ್ತು. ಕಾಲಿಗೆ ರಕ್ತದ ಹರಿವು ಕಡಿಮೆಯಿರುವವರಿಗೆ ಅದು ಅಪಾಯ, ವೈದ್ಯರು ಹೇಳದೆ ಹಾಕಬಾರದು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬಣ್ಣ. ಬಿಳಿಯದನ್ನೇ ಕೊಳ್ಳಿ. ಸಂಜೆ ಬಿಚ್ಚಿದಾಗ ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಹೆಬ್ಬೆರಳ ಬುಡದಲ್ಲಿ ನಾಣ್ಯದಗಲದ ಹಳದಿ ಕಲೆ, ಹಿಮ್ಮಡಿಯಲ್ಲಿ ರಕ್ತದ ಚುಕ್ಕೆ ಕಂಡರೆ, ಸೋತ ನರ ತಿಳಿಸದ ಸುದ್ದಿಯನ್ನು ಬಟ್ಟೆ ತಿಳಿಸಿದೆ. ಕಪ್ಪು ಕಾಲುಚೀಲದಲ್ಲಿ ಆ ಕಲೆ ಕಾಣುವುದೇ ಇಲ್ಲ.

ನಮ್ಮಲ್ಲಿ ಬರಿಗಾಲಿನ ಸಂದರ್ಭಗಳು ಬಹಳ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಏರಬೇಕು. ಬಿಸಿಲಿಗೆಂದು ಬೆಟ್ಟದ ಬುಡದಲ್ಲೇ ಸಾಕ್ಸ್ ಮಾರುತ್ತಾರೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಕಾದ ಬಂಡೆಯ ಮೇಲೆ ಆ ತೆಳು ಬಟ್ಟೆ ಸಾಲದು, ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ. ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯಿರಿ. ಸ್ನಾನದ ನೀರನ್ನೂ ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿ. ಕಾಲು ತೊಳೆದು ಬೆರಳ ಸಂದಿ ಒರೆಸಿ; ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಹಚ್ಚಬಹುದು, ಸಂದಿಗೆ ಬೇಡ.

ಹುಣ್ಣಾಗುವ ಮುಂಚೆ ಆ ಜಾಗ ಬಿಸಿಯಾಗುತ್ತದೆ. ಎರಡೂ ಪಾದಗಳ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಉಳಿದುಕೊಂಡರೆ ಅದು ಎಚ್ಚರಿಕೆಯ ಗಂಟೆ. ಇದನ್ನು ಅಳೆಯುವ ಸಂವೇದಕಗಳನ್ನು ನೇಯ್ದ ಕಾಲುಚೀಲಗಳೂ ಬಂದಿವೆ. ಅವಿಲ್ಲದವರು ದಿನವೂ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಲಿ, ಕಣ್ಣು ಮಂಜಾಗಿದ್ದರೆ ಮನೆಯವರು ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಕಾರ್ನ್ ಪ್ಲಾಸ್ಟರ್ ಅಂಟಿಸಬೇಡಿ. ಅದರ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸಣ್ಣ ಗಾಯ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ, ಕಲೆಯಾದ ಕಾಲುಚೀಲವನ್ನು ಒಗೆಯದೆ ಜೊತೆಗೆ ಒಯ್ಯಿರಿ.